ಅಜ್ಜಿಗೆ ಆರು ಕೈ: ಪುಟ್ಟ ಮಕ್ಕಳ ವಿಚಿತ್ರ ಚಿತ್ರಗಳನ್ನು ನೋಡೋದು, ಕೇಳೋದು, ಕಾಪಾಡೋದು ಹೇಗೆ?

ಮೂರು ವರ್ಷದ ಮಗು ಇರುವ ಮನೆಯಲ್ಲಿ ಕಾಗದಕ್ಕೆ ನೆಮ್ಮದಿ ಇಲ್ಲ. ಕರೆಂಟ್ ಬಿಲ್ಲಿನ ಹಿಂದೆ ಒಂದು ಆನೆ. ಯಾರದೋ ಲಗ್ನಪತ್ರಿಕೆಯ ಮೇಲೆ ಇನ್ನೊಂದು ಆನೆ, ಅದರ ಬಾಲದ ತುದಿಗೆ ಬಲ್ಬು. ಯಾಕೆ ಬಲ್ಬು ಅಂತ ನನ್ನ ಮಗಳನ್ನು ಕೇಳಿದೆ. "ಹಿಂದೆ ಬರೋ ಮರಿಗೆ ರಾತ್ರಿ ದಾರಿ ಕಾಣಬೇಕಲ್ವಾ?" ಅಂದಳು. ವಾದ ಮಾಡೋಕೆ ಏನೂ ಉಳಿಯಲಿಲ್ಲ.

ಮಗುವನ್ನು ಚಿತ್ರಕಾರ ಮಾಡುವುದು ಹೇಗೆ ಅಂತ ಈ ಲೇಖನದಲ್ಲಿ ಹೇಳುತ್ತಿಲ್ಲ. ಎರಡರಿಂದ ಏಳು ವರ್ಷದ ತನಕ ಮಕ್ಕಳು ತಾವಾಗಿಯೇ ಬಿಡಿಸುವ ಅಡ್ಡಾದಿಡ್ಡಿ ಚಿತ್ರಗಳಿವೆಯಲ್ಲ, ಅವನ್ನು ಹಾಳು ಮಾಡದೆ ಬೆಳೆಯೋಕೆ ಬಿಡುವುದು ಹೇಗೆ, ಅವುಗಳಿಂದ ನಾವು ಖುಷಿ ಪಡುವುದು ಹೇಗೆ ಅನ್ನೋದಷ್ಟೇ ಇಲ್ಲಿದೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ವಯಸ್ಸಿನ ಚಿತ್ರದ ಅರ್ಧ ಕಾಗದದ ಮೇಲಿರುತ್ತದೆ, ಇನ್ನರ್ಧ ಮಗುವಿನ ಬಾಯಲ್ಲಿರುತ್ತದೆ. ಕಾಗದವನ್ನು ಎಲ್ಲರೂ ಎತ್ತಿಡುತ್ತಾರೆ. ಮಾತನ್ನು ಎತ್ತಿಡುವವರು ಕಡಿಮೆ.

1. ಮೊದಲು ಸಾಮಾನು

ದುಡ್ಡು ಜಾಸ್ತಿ ಬೇಕಿಲ್ಲ. ಐವತ್ತು ಬಣ್ಣದ ದೊಡ್ಡ ಡಬ್ಬ ಕೊಟ್ಟರೆ ಮಗು ಬಣ್ಣ ಜೋಡಿಸಿ ಆಡುತ್ತದೆ, ಚಿತ್ರ ಬಿಡಿಸುವುದಿಲ್ಲ. ಆರೇಳು ಬಣ್ಣ ಸಾಕು. ಕಪ್ಪು ಮಾತ್ರ ಇರಲೇಬೇಕು. "ಕಪ್ಪು ಬೇಡ, ಚೆನ್ನಾಗಿರಲ್ಲ" ಅನ್ನೋದು ನಮ್ಮ ದೊಡ್ಡವರ ಹಟ.

ಎರಡರಿಂದ ನಾಲ್ಕು ವರ್ಷದವರಿಗೆ ದಪ್ಪ ಮೇಣದ ಕ್ರೇಯಾನ್ ಒಳ್ಳೆಯದು. ಈ ವಯಸ್ಸಿನಲ್ಲಿ ಅದನ್ನು ಮುಷ್ಟಿಯಲ್ಲೇ ಹಿಡಿಯುತ್ತಾರೆ, ಅದೇನೂ ತಪ್ಪಲ್ಲ. ಕ್ರೇಯಾನ್ ಮುರಿದರೂ ಬೈಯಬೇಡಿ. ಒಂದಿಂಚಿನ ತುಂಡನ್ನು ಮುಷ್ಟಿಯಲ್ಲಿ ಹಿಡಿಯೋಕೆ ಆಗುವುದಿಲ್ಲ, ಬೆರಳ ತುದಿಯಲ್ಲೇ ಹಿಡಿಯಬೇಕು. ಮುಂದೆ ಪೆನ್ಸಿಲ್ ಹಿಡಿಯೋದಕ್ಕೆ ಕೈ ತಯಾರಾಗುವುದು ಹೀಗೆಯೇ. ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ಮಗುವಾದರೆ ಮಾತ್ರ ತುಂಡುಗಳನ್ನು ಎತ್ತಿಡಿ, ಗಂಟಲಿಗೆ ಸಿಕ್ಕಿಕೊಳ್ಳಬಹುದು. ಆಯಿಲ್ ಪೇಸ್ಟಲ್ ನಾಲ್ಕು ವರ್ಷದ ಮೇಲೆ ಕೊಡಿ. ಅದಕ್ಕೂ ಮುಂಚೆ ಕೊಟ್ಟರೆ ಸೋಫಾ ನಿಮ್ಮದಾಗಿ ಉಳಿಯುವುದಿಲ್ಲ. ಸ್ಕೆಚ್ ಪೆನ್ ಮಕ್ಕಳಿಗೆ ಬಲು ಇಷ್ಟ, ಆದರೆ ಮುಚ್ಚಳ ಹಾಕಲ್ಲ, ಮಾರನೇ ದಿನ ಒಣಗಿರುತ್ತದೆ.

ಸ್ಲೇಟು ಬಳಪವನ್ನು ಮರೆಯಬೇಡಿ. ಒರೆಸಿ ಮತ್ತೆ ಬಿಡಿಸಬಹುದು ಅನ್ನೋದು ಗೊತ್ತಿದ್ದರೆ ಮಕ್ಕಳು ಧೈರ್ಯವಾಗಿ ಬಿಡಿಸುತ್ತಾರೆ. ನಡುವೆ ಒಂದು ಮಾತು: ಮಗು ದಿನವೂ ಬಳಪ, ಮಣ್ಣು, ಸುಣ್ಣ ತಿನ್ನುತ್ತಿದ್ದರೆ ಅದನ್ನು ತುಂಟತನ ಅಂತ ಬಿಟ್ಟುಬಿಡಬೇಡಿ. ಕಬ್ಬಿಣಾಂಶ ಕಡಿಮೆಯಾದ ಮಕ್ಕಳಲ್ಲಿ ಈ ಚಟ ಕಾಣಿಸುತ್ತದೆ. ಮಕ್ಕಳ ಡಾಕ್ಟರಿಗೆ ಒಮ್ಮೆ ತೋರಿಸಿ.

ಕಾಗದಕ್ಕೆ ಅಂಗಡಿಗೆ ಹೋಗಬೇಕಾಗಿಲ್ಲ. ಒಂದೇ ಬದಿ ಪ್ರಿಂಟ್ ಆದ ಹಾಳೆ, ಹಳೇ ಕ್ಯಾಲೆಂಡರಿನ ಹಿಂಬದಿ, ಚಪ್ಪಲಿ ಡಬ್ಬದ ರಟ್ಟು, ಎಲ್ಲ ನಡೆಯುತ್ತದೆ. ಗೋಡೆ ಕ್ಯಾಲೆಂಡರಿನ ಹಾಳೆ ದೊಡ್ಡದಿರುತ್ತದೆ, ಕೈ ಪೂರ್ತಿ ಆಡಿಸಿ ಬಿಡಿಸೋಕೆ ಅದೇ ಸರಿ. ಚಿಕ್ಕ ಮಕ್ಕಳು ಬಿಡಿಸುವುದು ಬೆರಳಿಂದಲ್ಲ, ಭುಜದಿಂದ.

ಇನ್ನು ಅಡುಗೆಮನೆ ಬಣ್ಣಗಳು. ರಜಾ ದಿನ ಅರ್ಧ ಬೆಳಿಗ್ಗೆ ಇದರಲ್ಲೇ ಕಳೆಯಬಹುದು. ಒಂದು ಬಟ್ಟಲಲ್ಲಿ ಅರಿಶಿನ ಕಲಸಿ ಕೊಡಿ. ಮಗು ಕಾಗದದ ಮೇಲೆ ಹಳದಿ ಬಳಿಯಲಿ. ಒಣಗಿದ ಮೇಲೆ ಇನ್ನೊಂದು ಬಟ್ಟಲಲ್ಲಿ ಅಡುಗೆ ಸೋಡಾ ಹಾಕಿದ ನೀರು ಕೊಟ್ಟು, ಕಿವಿಗೆ ಹಾಕುವ ಹತ್ತಿ ಕಡ್ಡಿಯಿಂದ ಆ ಹಳದಿಯ ಮೇಲೆ ಬಿಡಿಸಲು ಹೇಳಿ. ಗೆರೆ ಎಳೆದ ಕಡೆಯೆಲ್ಲ ಕೆಂಪಾಗುತ್ತದೆ. ಆರತಿಗೆ ಅರಿಶಿನದ ನೀರಿಗೆ ಸುಣ್ಣ ಬೆರೆಸಿ ಓಕುಳಿ ಮಾಡುತ್ತೇವಲ್ಲ, ಅದೇ ಕೆಲಸ ಇದು. ಮಕ್ಕಳ ಕೈಗೆ ಸುಣ್ಣ ಮಾತ್ರ ಬೇಡ, ಕಣ್ಣಿಗೆ ಬಿದ್ದರೆ ಸುಡುತ್ತದೆ. ಶಂಖಪುಷ್ಪದ ಹೂವನ್ನು ಬಿಸಿನೀರಲ್ಲಿ ನೆನೆಸಿದರೆ ನೀಲಿ ಬಿಡುತ್ತದೆ, ಅದಕ್ಕೆ ನಿಂಬೆರಸ ಹಿಂಡಿದರೆ ನೇರಳೆಗೆ ತಿರುಗುತ್ತದೆ. ಬಸಳೆ ಹಣ್ಣು ಹಿಚುಕಿದರೆ ಕಡು ನೇರಳೆ, ಬೀಟ್‌ರೂಟ್ ತುರಿದರೆ ಗುಲಾಬಿ. ಬೆಂಡೆಕಾಯಿ ತೊಟ್ಟು ಕತ್ತರಿಸಿದಾಗ ಉಳಿಯುವ ತುದಿಯನ್ನು ಬಣ್ಣಕ್ಕೆ ಅದ್ದಿ ಒತ್ತಿದರೆ ಹೂವು. ಈ ಬಣ್ಣಗಳು ಬೇಗ ಮಾಸುತ್ತವೆ. ಚೆನ್ನಾಗಿ ಬಂದಿದ್ದರೆ ಅವತ್ತೇ ಫೋಟೋ ತೆಗೆಯಿರಿ.

ಕೊಂಚ ದೊಡ್ಡ ಮಕ್ಕಳಿಗೆ ಮಲೆನಾಡಿನ ಹಸೆ ಚಿತ್ತಾರ ತೋರಿಸಿ. ಸಾಗರ, ಸೊರಬದ ಕಡೆ ದೀವರು ಎಂಬ ಸಮುದಾಯದ ಹೆಂಗಸರು ಗೋಡೆಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿ ಹಿಟ್ಟಿನ ಬಿಳಿ, ಹುರಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿಯಲ್ಲಿ ಬರೆಯುತ್ತಾರೆ. ಕುಂಚ ಪುಂಡಿ ನಾರಿನದು. ಅಂಗಡಿಯ ಬಣ್ಣವಿಲ್ಲದೆಯೂ ಇಷ್ಟೆಲ್ಲ ಆಗುತ್ತದೆ ಅಂತ ಗೊತ್ತಾದರೆ ಮಗು ತೆಂಗಿನ ನಾರು ಕಟ್ಟಿ ತಾನೇ ಒಂದು ಕುಂಚ ಮಾಡಿಕೊಳ್ಳುತ್ತದೆ. ಅದರಿಂದ ಬರುವ ಗೆರೆ ಯಾವ ಬ್ರಶ್ಶಿಗೂ ಬರುವುದಿಲ್ಲ.

2. ಜಾಗ, ಮತ್ತು ಗೋಡೆಯ ವಿಷಯ

ಬಣ್ಣದ ಡಬ್ಬವನ್ನು ಬೀರುವಿನ ಮೇಲಿಟ್ಟು "ಕೇಳಿದಾಗ ಕೊಡ್ತೀನಿ" ಅಂದರೆ ಚಿತ್ರ ಹುಟ್ಟುವುದಿಲ್ಲ. ಮಗುವಿಗೆ ಬಿಡಿಸಬೇಕು ಅನ್ನಿಸುವುದು ಹಟಾತ್ತಾಗಿ. ನೀವು ಕುಕ್ಕರ್ ಇಳಿಸಿ ಬರುವಷ್ಟರಲ್ಲಿ ಆ ಆಸೆ ಹೋಗಿರುತ್ತದೆ. ಮಗುವಿನ ಕೈಗೆ ಎಟುಕುವ ಹಾಗೆ ಒಂದು ಬುಟ್ಟಿ, ಅದರಲ್ಲಿ ಕಾಗದ, ನಾಲ್ಕು ಕ್ರೇಯಾನ್ ಇಡಿ. ನೆಲದ ಮೇಲೆ ಹಳೇ ಚಾಪೆಯೋ ಬೆಡ್‌ಶೀಟೋ ಇದ್ದರೆ ಆಯಿತು.

ಗೋಡೆಗೆ ಬರೆಯದ ಮಗು ಇಲ್ಲ. ನಿಂತು ಬಿಡಿಸುವ ಸುಖವೇ ಬೇರೆ. ಬರೀ "ಬೇಡ" ಅನ್ನುವ ಬದಲು ಒಂದು ಗೋಡೆಯನ್ನು ಬಿಟ್ಟುಕೊಡಿ. ಬಾಡಿಗೆ ಮನೆಯಾದರೆ ಎರಡು ಚಾರ್ಟ್ ಪೇಪರ್ ಅಂಟಿಸಿ "ಇಲ್ಲಿಂದ ಇಲ್ಲೀವರೆಗೆ ನಿಂದು" ಅನ್ನಿ. ಗಡಿ ಸ್ಪಷ್ಟವಾಗಿದ್ದರೆ ಮೂರು ವರ್ಷದವರೂ ಒಪ್ಪಿಕೊಳ್ಳುತ್ತಾರೆ, ದಿನವೂ ಅಲ್ಲದಿದ್ದರೂ. ಸ್ವಂತ ಮನೆಯಾದರೆ ನೆಲದಿಂದ ಮೂರಡಿ ಎತ್ತರಕ್ಕೆ ಬ್ಲ್ಯಾಕ್‌ಬೋರ್ಡ್ ಪೇಂಟ್ ಹೊಡೆಸಬಹುದು. ಅಟ್ಟದಲ್ಲಿ ಬಿದ್ದಿರುವ ಹಳೇ ಎನಾಮೆಲ್ ಡಬ್ಬವನ್ನು ಈ ಕೆಲಸಕ್ಕೆ ಇಳಿಸಬೇಡಿ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಎಂಬ ವಿಷದ ಲೋಹ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ದಾಟಬಾರದು ಎಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದಿದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಳೆಯ ಡಬ್ಬದಲ್ಲಿ ಎಷ್ಟಿದೆಯೋ ಹೇಳೋಕಾಗಲ್ಲ, ಮಕ್ಕಳ ಕೈ ಬಾಯಿಗೆ ಹೋಗುತ್ತಲೇ ಇರುತ್ತದೆ.

ಬೇಡದ ಗೋಡೆಗೆ ಬರೆದೇಬಿಟ್ಟರೆ? ಮೇಣದ ಕ್ರೇಯಾನ್ ಆದರೆ ಒದ್ದೆ ಬಟ್ಟೆಗೆ ಒಂಚೂರು ಅಡುಗೆ ಸೋಡಾ ಹಾಕಿ ಮೆಲ್ಲಗೆ ಉಜ್ಜಿ. ಸ್ಕೆಚ್ ಪೆನ್ ಆದರೆ ಸೋಪಿನ ನೀರು ಸಾಕು. ಪರ್ಮನೆಂಟ್ ಮಾರ್ಕರ್ ಆದರೆ ಹತ್ತಿಗೆ ಸ್ಯಾನಿಟೈಸರ್ ಹಾಕಿ ಒರೆಸಿ. ಯಾವುದೇ ಆಗಲಿ, ಮೊದಲು ಕಾಣದ ಮೂಲೆಯಲ್ಲಿ ಒಮ್ಮೆ ಉಜ್ಜಿ ನೋಡಿ. ಡಿಸ್ಟೆಂಪರ್ ಗೋಡೆಯಾದರೆ ಚಿತ್ರದ ಜೊತೆ ಗೋಡೆಯ ಬಣ್ಣವೂ ಬಟ್ಟೆಗೆ ಬರುತ್ತದೆ. ಅಂಥ ಕಡೆ ಸುಮ್ನೆ ಬಿಟ್ಟುಬಿಡುವುದೇ ಮೇಲು. ಒರೆಸುವ ಮುಂಚೆ ಫೋಟೋ ತೆಗೆಯಿರಿ. ಕೋಪ ಆಮೇಲೂ ಮಾಡಿಕೊಳ್ಳಬಹುದು.

3. ಬಿಡಿಸುವಾಗ ಬಾಯಿಗೆ ಬೀಗ

ಮಗು ಬಿಡಿಸುತ್ತಿರುವಾಗ ನಮ್ಮ ಬಾಯಿಂದ ಬರುವ ಮಾತುಗಳಲ್ಲಿ ಮುಕ್ಕಾಲು ಪಾಲು ಬೇಡದವು. "ಇದೇನಿದು?" "ಎಲೆ ಹಸಿರಿರಬೇಕಲ್ವಾ?" "ಗೆರೆ ಒಳಗೆ ಬಣ್ಣ ಹಾಕು." "ಅಕ್ಕನ ನೋಡು ಎಷ್ಟು ನೀಟಾಗಿ ಬಿಡಿಸಿದ್ದಾಳೆ." ಇದರಲ್ಲಿ ಕೊನೆಯದನ್ನು ಹೇಳಿದಿರೋ, ಆ ದಿನದ ಚಿತ್ರ ಮುಗಿದ ಹಾಗೆ.

ಕೈ ಹಿಡಿದು ಬಿಡಿಸಬೇಡಿ. ಅದಕ್ಕಿಂತಲೂ ಮುಖ್ಯವಾಗಿ, ಆ ಸೀನರಿಯನ್ನು ಹೇಳಿಕೊಡಬೇಡಿ. ಯಾವ ಸೀನರಿ ಅಂತ ನಿಮಗೆ ಗೊತ್ತು. ಎರಡು ತ್ರಿಕೋನ ಬೆಟ್ಟ, ನಡುವೆ ಅರ್ಧ ಸೂರ್ಯ, ಅಲ್ಲಿಂದ ಇಳಿದು ಬರುವ ನದಿ, ಪಕ್ಕದಲ್ಲಿ ಒಂದು ಹೆಂಚಿನ ಮನೆ, ಒಂದು ತೆಂಗಿನಮರ, ಆಕಾಶದಲ್ಲಿ ವಿ ಆಕಾರದ ನಾಲ್ಕು ಹಕ್ಕಿ. ನಾವೂ ಅದನ್ನೇ ಬಿಡಿಸಿದೆವು, ನಮ್ಮ ಮೇಷ್ಟ್ರೂ ಅದನ್ನೇ ಬಿಡಿಸಿದ್ದರು. ಬಯಲುಸೀಮೆಯಲ್ಲಿ ಹುಟ್ಟಿ ಬೆಟ್ಟವನ್ನೇ ನೋಡದ ಮಕ್ಕಳೂ ಅದನ್ನೇ ಬಿಡಿಸುತ್ತಾರೆ. ಒಮ್ಮೆ ಕಲಿತರೆ ಬಿಡುವುದು ಕಷ್ಟ, ಯಾಕೆಂದರೆ ಅದಕ್ಕೆ ಎಲ್ಲರೂ "ಸೂಪರ್" ಅನ್ನುತ್ತಾರೆ. ಬಾಲಕ್ಕೆ ಬಲ್ಬು ಹಾಕಿದ್ದಕ್ಕೆ ಯಾರೂ ಅನ್ನುವುದಿಲ್ಲ.

"ನಂಗೆ ಬರಲ್ಲ, ನೀನೇ ಬಿಡಿಸಿಕೊಡು" ಅಂತ ಮಗು ಕೂತರೆ? ಇದು ನಿಜಕ್ಕೂ ಕಷ್ಟದ ಗಳಿಗೆ. ಬಿಡಿಸಿಕೊಟ್ಟರೆ ಅದು ನಿಮ್ಮ ಆನೆ, ಬಿಡಿಸಲ್ಲ ಅಂದರೆ ಅಳು. ಇಬ್ಬರೂ ಎದ್ದು ಆ ವಸ್ತುವಿನ ಹತ್ತಿರ ಹೋಗಿ ನೋಡಿಬರುವುದು ಒಂದು ದಾರಿ. ಬೆಕ್ಕು ಬಿಡಿಸಬೇಕಿದ್ದರೆ ಬೆಕ್ಕನ್ನೇ ನೋಡಿ. "ಮೀಸೆ ಎಲ್ಲಿಂದ ಶುರುವಾಗುತ್ತೆ? ಮಲಗಿದಾಗ ಕಾಲು ಎಲ್ಲಿ ಹೋಯ್ತು?" ಅಂತ ಕೇಳಿ. ಆನೆಯಂಥದ್ದಾದರೆ ನೆನಪಿನಿಂದ ಕೇಳಿ: "ಕಿವಿ ಎಷ್ಟು ದೊಡ್ಡದು? ಮೊರದಷ್ಟಾ?" ಒಂದು ಕಿವಿ ಬಂದರೆ ಉಳಿದ ಆನೆ ಹಿಂದೆಯೇ ಬರುತ್ತದೆ. ನಿಮಗೂ ಬಿಡಿಸುವ ಆಸೆಯಿದ್ದರೆ ಬೇರೆ ಹಾಳೆಯಲ್ಲಿ ಬಿಡಿಸಿ, ಮಗುವಿನ ಹಾಳೆ ಮುಟ್ಟಬೇಡಿ.

ಹೊಗಳಿಕೆಯಲ್ಲೂ ಸ್ವಲ್ಪ ಹಿಡಿತ ಇರಲಿ. ತಲೆ ಎತ್ತದೆ, ಫೋನ್ ನೋಡುತ್ತಾ "ವಾವ್, ಸೂಪರ್" ಅಂದರೆ ಮಕ್ಕಳಿಗೆ ಗೊತ್ತಾಗುತ್ತದೆ. ಕಂಡದ್ದನ್ನು ಹೇಳಿ. "ಈ ಕಡೆ ಪೂರ್ತಿ ಚುಕ್ಕೆ ಇಟ್ಟಿದ್ದೀಯ, ಆ ಕಡೆ ಒಂದೂ ಇಲ್ಲ." ಅಷ್ಟು ಅಂದರೆ ಸಾಕು, ಆ ಕಡೆ ಯಾಕಿಲ್ಲ ಅನ್ನುವ ಕಥೆ ತಾನಾಗಿಯೇ ಹೊರಡುತ್ತದೆ.

4. ಕೇಳಿ, ಬರೆದಿಡಿ

ಎಲ್ಲ ಬಿಟ್ಟರೂ ಇದೊಂದನ್ನು ಬಿಡಬೇಡಿ.

ಚಿತ್ರ ಮುಗಿದ ಮೇಲೆ "ಇದೇನು?" ಅಂತ ಕೇಳಬೇಡಿ. ಅದು ಪರೀಕ್ಷೆಯ ಪ್ರಶ್ನೆ. ನಿಮಗೆ ಅರ್ಥವಾಗಲಿಲ್ಲ ಅನ್ನುವುದೂ ಅದರಲ್ಲಿದೆ. "ಇದರ ಕಥೆ ಹೇಳು" ಅನ್ನಿ, ಅಥವಾ "ಇವರೆಲ್ಲ ಏನು ಮಾಡ್ತಾ ಇದಾರೆ?" ಅನ್ನಿ. ಆಮೇಲೆ ಸುಮ್ಮನೆ ಕೂತು ಕೇಳಿ.

ನನ್ನ ಮಗಳು ಒಮ್ಮೆ ಅಜ್ಜಿಯನ್ನು ಬಿಡಿಸಿದ್ದಳು. ಮುಖಕ್ಕಿಂತ ಮೂಗುಬೊಟ್ಟು ದೊಡ್ಡದು. ಕೂದಲು ಮೂರೇ ಎಳೆ, ಆದರೆ ಮೂರಕ್ಕೂ ಹೂವು. ಕೈ ಮಾತ್ರ ಆರು. ದೇವರ ಹಾಗೆ ಬಿಡಿಸಿದ್ದಾಳೆ ಅಂತ ನಾವೆಲ್ಲ ಖುಷಿಪಟ್ಟೆವು. ನಮ್ಮ ಅತ್ತೆಯವರು ಅಕ್ಕಪಕ್ಕದ ಮನೆಗೂ ತೋರಿಸಿ ಬಂದರು. ಸಂಜೆ ಕಥೆ ಕೇಳಿದಾಗ ಬಂದ ಉತ್ತರ: "ಅಜ್ಜಿ ಬೈಯೋವಾಗ ಕೈ ಜಾಸ್ತಿ ಆಗುತ್ತೆ." ಆ ಮಾತು ಇಲ್ಲದೆ ಆ ಚಿತ್ರ ನೋಡಿದರೆ ಏನೂ ಇಲ್ಲ. ಮಾತು ಸೇರಿದರೆ ಅದಕ್ಕಿಂತ ಸರಿಯಾಗಿ ನಮ್ಮ ಅತ್ತೆಯವರನ್ನು ಯಾರೂ ಬಿಡಿಸೋಕಾಗಲ್ಲ.

ಇನ್ನೊಂದು ಹಾಳೆ ಪೂರ್ತಿ ಕಪ್ಪು. ಕ್ರೇಯಾನ್ ಒತ್ತಿ ಒತ್ತಿ ಕಾಗದ ಮಿರುಗುತ್ತಿತ್ತು. "ಕರೆಂಟ್ ಹೋಗಿದೆ. ಎಲ್ಲರೂ ಊಟಕ್ಕೆ ಕೂತಿದಾರೆ, ಕಾಣ್ತಿಲ್ಲ ಅಷ್ಟೇ" ಅಂದಳು. ಕೆಳಗಿನ ಮೂಲೆಯಲ್ಲಿ ಉಗುರಿನಿಂದ ಕೆರೆದ ಎರಡು ಬಿಳಿ ಚುಕ್ಕಿ. ಅದು ಬೆಕ್ಕಂತೆ.

ಇಂಥ ಮಾತನ್ನು ಅವತ್ತೇ ಬರೆದಿಡಿ. ಎರಡು ದಿನ ಕಳೆದರೆ ನಿಮಗೂ ನೆನಪಿರಲ್ಲ, ಮಗುವಿಗೂ ಇರಲ್ಲ. ಹಾಳೆಯ ಹಿಂಬದಿಯಲ್ಲಿ, ಒಂದು ಮೂಲೆಯಲ್ಲಿ, ಮೆತ್ತನೆ ಪೆನ್ಸಿಲ್ಲಿನಿಂದ ಬರೆಯಿರಿ. ಬಾಲ್‌ಪೆನ್ ಒತ್ತಿದರೆ ಮುಂದಿನ ಬದಿಗೆ ಗೆರೆ ಮೂಡುತ್ತದೆ, ಜೆಲ್ ಪೆನ್ ಶಾಯಿ ನೀರು ತಾಗಿದರೆ ಹರಡುತ್ತದೆ. ತಾರೀಖು, ಮಗುವಿನ ವಯಸ್ಸು ವರ್ಷ ತಿಂಗಳ ಸಮೇತ, ಆಮೇಲೆ ಮಾತು. ಮಾತನ್ನು ತಿದ್ದಬೇಡಿ. "ಹೆಯಿಕಾಪ್ಟರ್" ಅಂದಿದ್ದರೆ ಹಾಗೇ ಬರೆಯಿರಿ. ಧಾರವಾಡದ ಮನೆಯಲ್ಲಿ "ಅಜ್ಜಿ ಸಿಟ್ಟಿಗೆದ್ದಾಳ" ಅಂದಿದ್ದರೆ ಅದೇ ಇರಲಿ, ಕುಂದಾಪುರದ ಮನೆಯಲ್ಲಿ ಅಲ್ಲಿಯದೇ ಇರಲಿ. ಪುಸ್ತಕದ ಕನ್ನಡಕ್ಕೆ ತಿರುಗಿಸಿದರೆ ಮಗು ಅಲ್ಲಿಂದ ಎದ್ದು ಹೋಗಿಬಿಡುತ್ತದೆ.

ನಾಳೆ ಅದೇ ಚಿತ್ರಕ್ಕೆ ಬೇರೆ ಕಥೆ ಹೇಳಬಹುದು. ಇವತ್ತಿನ ಕಾಗೆ ನಾಳೆ ಚಿಕ್ಕಪ್ಪ ಆಗುತ್ತದೆ. ಸುಳ್ಳು ಅನ್ನಬೇಡಿ, ಎರಡನೆಯದನ್ನೂ ಕೆಳಗೆ ಬರೆಯಿರಿ. ಹೇಳೋಕೆ ಇಷ್ಟವಿಲ್ಲದಿದ್ದರೆ ಒತ್ತಾಯ ಬೇಡ. ಕೆಲವು ಚಿತ್ರಕ್ಕೆ ಕಥೆಯೇ ಇರುವುದಿಲ್ಲ, ಕೈ ಗುಂಡಗೆ ತಿರುಗಿಸುವ ಮಜಾ ಅಷ್ಟೇ ಇರುತ್ತದೆ.

ಅಜ್ಜ ಅಜ್ಜಿ ದೂರದ ಊರಲ್ಲಿದ್ದರೆ, ಅಥವಾ ನೀವೇ ಹೊರದೇಶದಲ್ಲಿದ್ದರೆ, ಚಿತ್ರದ ಫೋಟೋ ಜೊತೆ ಮಗುವೇ ಕಥೆ ಹೇಳುವ ವಾಯ್ಸ್ ಮೆಸೇಜ್ ಕಳಿಸಿ. ಬರೀ ಫೋಟೋ ಕಳಿಸಿದರೆ ಬರುವುದು ಒಂದು ಹೆಬ್ಬೆರಳು. ಕಥೆ ಕಳಿಸಿದರೆ ಅಲ್ಲಿಂದ ಪ್ರಶ್ನೆ ಬರುತ್ತದೆ, ಇಲ್ಲಿಂದ ಕನ್ನಡದಲ್ಲಿ ಉತ್ತರ ಹೋಗಬೇಕಾಗುತ್ತದೆ.

5. ವಿಚಿತ್ರದ ಹಿಂದೆ ಒಂದು ಲೆಕ್ಕ ಇರುತ್ತದೆ

ಜಾರ್ಜ್ ಆನ್ರಿ ಲ್ಯೂಕೆ ಅಂತ ಒಬ್ಬ ಫ್ರೆಂಚ್ ವಿದ್ವಾಂಸ ಇದ್ದ. ತನ್ನ ಪುಟ್ಟ ಮಗಳು ಬಿಡಿಸಿದ ಚಿತ್ರಗಳನ್ನು ಕೂಡಿಟ್ಟು, ಅವುಗಳ ಬಗ್ಗೆಯೇ 1913ರಲ್ಲಿ ಒಂದು ಪುಸ್ತಕ ಬರೆದ. ಅವನು ಮುಂದೆ ಹೇಳಿದ್ದರ ಸಾರ ಇಷ್ಟು: ಚಿಕ್ಕ ಮಕ್ಕಳು ಕಂಡದ್ದನ್ನು ಬಿಡಿಸುವುದಿಲ್ಲ, ಗೊತ್ತಿರುವುದನ್ನು ಬಿಡಿಸುತ್ತಾರೆ. ಇದೊಂದು ತಿಳಿದರೆ ಅರ್ಧ ವಿಚಿತ್ರ ಬಗೆಹರಿಯುತ್ತದೆ. ಗೋಡೆ ಮುಚ್ಚಿದ್ದರೂ ಮನೆಯೊಳಗಿನ ಟಿವಿ ಕಾಣುತ್ತದೆ, ಯಾಕೆಂದರೆ ಟಿವಿ ಅಲ್ಲಿದೆ ಅಂತ ಮಗುವಿಗೆ ಗೊತ್ತು. ಬಸುರಿ ಚಿಕ್ಕಮ್ಮನ ಹೊಟ್ಟೆಯಲ್ಲಿ ಪಾಪು ಕೂತಿರುತ್ತದೆ. ಕಾರಿಗೆ ನಾಲ್ಕೂ ಚಕ್ರ ಒಂದೇ ಬದಿಯಲ್ಲಿರುತ್ತವೆ. ನಾಲ್ಕಿವೆ ತಾನೇ?

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶಿಶುವಿಹಾರ ನಡೆಸುತ್ತಿದ್ದ ರೋಡಾ ಕೆಲ್ಲಾಗ್ ಮಕ್ಕಳ ಚಿತ್ರಗಳನ್ನು ಲಕ್ಷಗಟ್ಟಲೆ ಕೂಡಿಟ್ಟಾಕೆ. ಬರೀ ಗೀಚುವಿಕೆಯಲ್ಲೇ ಇಪ್ಪತ್ತು ಬಗೆ ಇದೆ ಅಂತ ಆಕೆ ಗುರುತಿಸಿದಳು. ಗೀಚುವುದರಿಂದ ವೃತ್ತ, ವೃತ್ತಕ್ಕೆ ಸುತ್ತ ಕಿರಣ ಸೇರಿ ಸೂರ್ಯ, ಸೂರ್ಯನಿಗೆ ಕಣ್ಣು ಬಂದು, ಕಿರಣಗಳಲ್ಲಿ ಎರಡು ಕಾಲಾಗಿ, ಎರಡು ಕೈಯಾಗಿ, ಮನುಷ್ಯ. ನಿಮ್ಮ ಮಗುವಿನ ಹಾಳೆಗಳನ್ನು ತಾರೀಖಿನ ಪ್ರಕಾರ ಜೋಡಿಸಿ ನೋಡಿ, ಈ ದಾರಿ ಬಹಳ ಸಲ ಕಣ್ಣಿಗೇ ಕಾಣುತ್ತದೆ. ಮೂರು ನಾಲ್ಕರ ವಯಸ್ಸಿನಲ್ಲಿ ತಲೆಯಿಂದ ನೇರ ಕಾಲು ಹೊರಟಿರುವ ಮನುಷ್ಯರು ಬರುತ್ತಾರಲ್ಲ, ಹೊಟ್ಟೆಯೇ ಇಲ್ಲದವರು, ಅವರು ಜಗತ್ತಿನ ಎಷ್ಟೋ ಕಡೆಯ ಮಕ್ಕಳ ಹಾಳೆಯಲ್ಲಿ ಸಿಗುತ್ತಾರೆ. ಹೊಟ್ಟೆ ಬಿಡಿಸು ಅಂತ ಹೇಳಿಕೊಡಬೇಡಿ. ಅದು ತಾನಾಗಿ ಬರುತ್ತದೆ, ಬಂದ ದಿನ ನೋಡೋಕೆ ಚೆಂದ. ಮೊದಲ ಹೊಟ್ಟೆಗೆ ಸಾಮಾನ್ಯವಾಗಿ ಒಂದು ದೊಡ್ಡ ಹೊಕ್ಕುಳೂ ಇರುತ್ತದೆ.

ಐದಾರು ವರ್ಷಕ್ಕೆ ಕಾಗದದ ಕೆಳಗೆ ನೆಲ ಅಂತ ಒಂದು ಗೆರೆ, ಮೇಲೆ ಆಕಾಶ ಅಂತ ಒಂದು ನೀಲಿ ಪಟ್ಟಿ, ನಡುವೆ ಏನೂ ಇಲ್ಲ. ಆಕಾಶ ನೆಲದವರೆಗೂ ಬರುತ್ತೆ ಅಂತ ತಿದ್ದಬೇಡಿ. ನಡುವೆ ಇರುವುದು ಗಾಳಿ, ಗಾಳಿಗೆ ಬಣ್ಣವಿಲ್ಲ. ಸರಿ ತಾನೇ?

ಮನುಷ್ಯರ ಗಾತ್ರಕ್ಕೂ ಕಾರಣ ಇರುತ್ತದೆ, ಆದರೆ ನಾವು ಊಹಿಸಿದ ಕಾರಣವೇ ಇರಬೇಕೆಂದಿಲ್ಲ. ಅಪ್ಪ ಇರುವೆಯಷ್ಟು ಚಿಕ್ಕವನಾಗಿದ್ದರೆ ಗಾಬರಿ ಬೀಳಬೇಡಿ. ಅಪ್ಪ ಆಫೀಸಿನಲ್ಲಿ, ದೂರದಲ್ಲಿರಬಹುದು. ಕಾಗದದಲ್ಲಿ ಜಾಗ ಮುಗಿದಿರಬಹುದು. ಕಪ್ಪು ಬಣ್ಣ ಬಳಿದರೆ ದುಃಖ, ಕೆಂಪು ಬಳಿದರೆ ಸಿಟ್ಟು ಅಂತ ಮೊಬೈಲಿನಲ್ಲಿ ಬರುವ ವಿಡಿಯೋಗಳನ್ನು ನಂಬಬೇಡಿ. ಒಂದು ಚಿತ್ರದಿಂದ ಮಗುವಿನ ಮನಸ್ಸನ್ನು ಓದೋಕೆ ಆಗುವುದಿಲ್ಲ. ಮಗುವನ್ನೇ ಕೇಳುವುದು ಸುಲಭ.

ನೋಡಿಕೊಳ್ಳಬೇಕಾದ್ದು ಬೇರೆ. ಸುಮಾರಾಗಿ ಮೂರು ವರ್ಷಕ್ಕೆ ವೃತ್ತ, ನಾಲ್ಕಕ್ಕೆ ಕೂಡಿಸುವ ಚಿಹ್ನೆ, ನಾಲ್ಕೂವರೆ ಐದರ ಹೊತ್ತಿಗೆ ಚೌಕ, ಐದು ದಾಟುವಷ್ಟರಲ್ಲಿ ತ್ರಿಕೋನ ನೋಡಿ ಬಿಡಿಸೋಕೆ ಬರುತ್ತದೆ. ಕೆಲವರಿಗೆ ಮುಂಚೆ, ಕೆಲವರಿಗೆ ತಡ. ತುಂಬಾ ತಡ ಅನ್ನಿಸಿದರೆ, ಅಥವಾ ಮೊದಲು ಬರುತ್ತಿದ್ದದ್ದು ಈಗ ಬರುತ್ತಿಲ್ಲ ಅನ್ನಿಸಿದರೆ ಮಕ್ಕಳ ಡಾಕ್ಟರನ್ನು ಕೇಳಿ. ಚಿತ್ರದಲ್ಲಿ ಆಸಕ್ತಿಯೇ ಇಲ್ಲದೆ ಇಡೀ ದಿನ ಡಬ್ಬ ಬಡಿಯುವ ಮಗುವಿಗೆ ಏನೂ ಆಗಿಲ್ಲ. ಅದಕ್ಕೆ ಡಬ್ಬ ಇಷ್ಟ.

6. ಬಹುಮಾನ, ಸ್ಪರ್ಧೆ, ಡ್ರಾಯಿಂಗ್ ಕ್ಲಾಸು

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ಮೂವರು ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿ, 1973ರಲ್ಲಿ ಅದನ್ನು ಪ್ರಕಟಿಸಿದರು. ಚಿತ್ರ ಬಿಡಿಸುವುದೆಂದರೆ ಇಷ್ಟಪಡುವ ಮಕ್ಕಳನ್ನೇ ಆರಿಸಿಕೊಂಡು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಮೊದಲೇ "ಬಿಡಿಸಿದರೆ ಚಿನ್ನದ ಬಣ್ಣದ ಮುದ್ರೆ ಇರುವ ಸರ್ಟಿಫಿಕೇಟ್ ಕೊಡ್ತೀವಿ" ಅಂದರು. ಇನ್ನೊಂದು ಗುಂಪಿಗೆ ಹೇಳದೆ ಕೊನೆಗೆ ಕೊಟ್ಟರು. ಮೂರನೆಯದಕ್ಕೆ ಏನೂ ಇಲ್ಲ. ಕೆಲವು ದಿನ ಬಿಟ್ಟು, ಬಿಡುವಿನ ವೇಳೆಯಲ್ಲಿ ಯಾರು ತಾವಾಗಿ ಬಣ್ಣ ಹಿಡಿಯುತ್ತಾರೆ ಅಂತ ನೋಡಿದರು. ಬಹುಮಾನದ ಆಸೆ ಹಚ್ಚಿಸಿಕೊಂಡಿದ್ದ ಮಕ್ಕಳು ಉಳಿದವರಿಗಿಂತ ಅರ್ಧದಷ್ಟು ಹೊತ್ತು ಮಾತ್ರ ಬಿಡಿಸಿದರು. "ಚಿತ್ರ ಬಿಡಿಸಿದರೆ ಚಾಕ್ಲೇಟ್" ಅನ್ನುವ ಮುಂಚೆ ಇದನ್ನು ನೆನಪಿಸಿಕೊಳ್ಳಿ.

ನವೆಂಬರ್ 14 ಬಂದರೆ ಅಪಾರ್ಟ್‌ಮೆಂಟಿನಲ್ಲೂ ಶಾಲೆಯಲ್ಲೂ ಸ್ಪರ್ಧೆ. ಮಗು ಹೋಗಬೇಕು ಅಂದರೆ ಹೋಗಲಿ, ಐದಾರು ವರ್ಷದವರಿಗೆ ಅದೊಂದು ಜಾತ್ರೆ. ಮುನ್ನಾ ದಿನ ಕೂರಿಸಿ ಅದೇ ಸೀನರಿಯನ್ನು ಐದು ಸಲ ಬಿಡಿಸಿ ಪ್ರಾಕ್ಟೀಸ್ ಮಾಡಿಸುವುದು ಮಾತ್ರ ಬೇಡ. ಗೆದ್ದರೆ ಆ ಬೆಟ್ಟ ಗೆದ್ದ ಹಾಗೆ, ಮಗು ಅಲ್ಲ.

ಕ್ಲಾಸಿಗೆ ಆರೇಳು ವರ್ಷದ ತನಕ ಅವಸರ ಬೇಡ ಅನ್ನೋದು ನನ್ನ ಅಭಿಪ್ರಾಯ. ಸೇರಿಸಲೇಬೇಕಿದ್ದರೆ ಮೊದಲು ಆ ಕ್ಲಾಸಿನ ಗೋಡೆ ನೋಡಿ ಬನ್ನಿ. ಹದಿನೈದು ಮಕ್ಕಳ ಹದಿನೈದು ನವಿಲೂ ಒಂದೇ ಥರ ಇದ್ದರೆ ವಾಪಸ್ ಬನ್ನಿ. ಒಂದು ನವಿಲು ಚಡ್ಡಿ ಹಾಕಿಕೊಂಡಿದ್ದರೆ ಫೀಸು ಎಷ್ಟು ಅಂತ ಕೇಳಿ.

ಅದರ ಬದಲು ಚಿತ್ರ ನೋಡೋಕೆ ಕರೆದುಕೊಂಡು ಹೋಗಿ. ಬೆಂಗಳೂರಿನಲ್ಲಿದ್ದರೆ ಚಿತ್ರಕಲಾ ಪರಿಷತ್ತು ವರ್ಷಕ್ಕೊಮ್ಮೆ ನಡೆಸುವ ಚಿತ್ರಸಂತೆ ಇದೆ, ಕುಮಾರಕೃಪಾ ರಸ್ತೆ ಪೂರ್ತಿ ಚಿತ್ರಗಳು. ಜನ ವಿಪರೀತ, ಆದ್ದರಿಂದ ಬೆಳಿಗ್ಗೆ ಬೇಗ ಹೋಗಿ. ಉಳಿದ ದಿನ ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್‌ನಲ್ಲಿರುವ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಸಿಗುತ್ತದೆ, ಅಲ್ಲಿ ಓಡಾಡೋಕೆ ಮರಗಳಿರುವ ಅಂಗಳವೂ ಇದೆ. ನಾಲ್ಕು ಚಿತ್ರ ನೋಡಿದರೆ ಸಾಕು. ಅರ್ಧ ಗಂಟೆ ಮೇಲೆ ಎಳೆದಾಡಿದರೆ ಇಬ್ಬರಿಗೂ ಬೇಜಾರು.

7. ಯಾವುದನ್ನು ಇಡೋದು, ಹೇಗೆ ಇಡೋದು

ಎಲ್ಲವನ್ನೂ ಇಡೋಕಾಗಲ್ಲ. ಒಂದು ವರ್ಷದಲ್ಲಿ ಒಂದು ಗೋಣಿಚೀಲ ತುಂಬುತ್ತದೆ. ಹಾಗಂತ ಒಂದನ್ನೂ ಇಡದೆ ಇರಬೇಡಿ. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಪೌಲ್ ಕ್ಲೇ ಎಂಬ ಪ್ರಸಿದ್ಧ ಚಿತ್ರಕಾರ 1911ರಲ್ಲಿ ತನ್ನ ಕೃತಿಗಳ ಪಟ್ಟಿ ಮಾಡಲು ಕೂತಾಗ, ಚಿಕ್ಕವನಿದ್ದಾಗ ಬಿಡಿಸಿದ ಕೆಲವನ್ನೂ ಅದಕ್ಕೆ ಸೇರಿಸಿದ. ಆ ಹಾಳೆಗಳು ಅಷ್ಟು ವರ್ಷ ಮನೆಯಲ್ಲಿ ಎಲ್ಲೋ ಉಳಿದಿದ್ದವು ಅನ್ನೋದೇ ದೊಡ್ಡ ವಿಷಯ.

ತಿಂಗಳಿಗೊಮ್ಮೆ ಮಗುವಿನ ಜೊತೆ ಕೂತು ಆರಿಸಿ. ಒಂದೆರಡು ಮಗು ಹೇಳಿದ್ದು, ಒಂದೆರಡು ನಿಮಗೆ ಇಷ್ಟವಾದದ್ದು. ಇಬ್ಬರ ಆಯ್ಕೆ ಒಂದೇ ಆಗುವುದು ಅಪರೂಪ. ನೀವು ಆರಿಸುವಾಗ ಚೆಂದ ನೋಡಬೇಡಿ. ಹಿಂಬದಿಯಲ್ಲಿ ಒಳ್ಳೆ ಮಾತಿದೆಯಾ, ಮೊದಲ ಸಲ ಏನಾದರೂ ಬಂದಿದೆಯಾ ನೋಡಿ. ಉಳಿದದ್ದರ ಫೋಟೋ ತೆಗೆಯಿರಿ. ಕಿಟಕಿಯ ಪಕ್ಕ, ನೇರ ಬಿಸಿಲು ಬೀಳದ ಕಡೆ ನೆಲದ ಮೇಲೆ ಹಾಳೆ ಇಟ್ಟು, ಮೇಲಿಂದ ನೆಟ್ಟಗೆ ತೆಗೆಯಿರಿ. ಫ್ಲ್ಯಾಶ್ ಬೇಡ, ಮೇಣದ ಬಣ್ಣ ಹೊಳೆಯುತ್ತದೆ. ಹಿಂಬದಿಯ ಬರಹಕ್ಕೂ ಒಂದು ಫೋಟೋ.

ಇಡುವ ಹಾಳೆಗಳನ್ನು ಮಡಚಬೇಡಿ, ಸುತ್ತಬೇಡಿ. ಅಗಲವಾದ ಫೈಲಿನಲ್ಲೋ ಸೀರೆ ಡಬ್ಬದಲ್ಲೋ ಹರಡಿ ಇಡಿ. ಕ್ರೇಯಾನ್, ಪೇಸ್ಟಲ್ ಚಿತ್ರಗಳ ನಡುವೆ ಬಟರ್ ಪೇಪರ್ ಹಾಕದಿದ್ದರೆ ಒಂದರ ಬಣ್ಣ ಇನ್ನೊಂದರ ಬೆನ್ನಿಗೆ ಹತ್ತುತ್ತದೆ. ನ್ಯೂಸ್‌ಪೇಪರ್ ಹಾಕಬೇಡಿ, ಅದು ತಾನೂ ಹಳದಿಯಾಗಿ ಪಕ್ಕದ ಹಾಳೆಯನ್ನೂ ಕೆಡಿಸುತ್ತದೆ. ಪ್ರೀತಿಗೆ ಲ್ಯಾಮಿನೇಷನ್ ಮಾಡಿಸುವವರು ಬಹಳ ಜನ. ಮೇಣದ ಬಣ್ಣದ ಚಿತ್ರವನ್ನು ಬಿಸಿ ಲ್ಯಾಮಿನೇಷನ್ನಿಗೆ ಕೊಟ್ಟರೆ ಬಣ್ಣ ಕರಗಿ ಹರಡುತ್ತದೆ, ಒಮ್ಮೆ ಮಾಡಿಸಿದರೆ ಆ ಪ್ಲಾಸ್ಟಿಕ್ಕನ್ನು ಮತ್ತೆ ತೆಗೆಯೋಕೂ ಆಗಲ್ಲ. ಗೋಡೆಗೆ ಹಾಕುವುದಾದರೆ ಗಾಜಿನ ಫ್ರೇಮ್ ಹಾಕಿಸಿ, ಬಿಸಿಲು ಬೀಳದ ಗೋಡೆ ನೋಡಿ. ಸ್ಕೆಚ್ ಪೆನ್ ಬಣ್ಣ ಬಿಸಿಲಿಗೆ ಬೇಗ ಮಾಸುತ್ತದೆ.

ಹುಳ ಬರದ ಹಾಗೆ ಡಬ್ಬದಲ್ಲಿ ಡಾಂಬರು ಗುಳಿಗೆ ಹಾಕುವ ರೂಢಿ ಇದೆ. ಮಕ್ಕಳ ಕೈಗೆ ಸಿಗುವ ಡಬ್ಬಕ್ಕೆ ಅದು ಬೇಡವೇ ಬೇಡ, ಪೆಪ್ಪರ್‌ಮಿಂಟ್ ಅಂತ ಬಾಯಿಗೆ ಹಾಕಿಕೊಂಡರೆ ವಿಷ. ಡಬ್ಬ ಒಣಗಿದ ಜಾಗದಲ್ಲಿರಲಿ, ಮಳೆಗಾಲ ಮುಗಿದ ಮೇಲೆ ಒಮ್ಮೆ ತೆಗೆದು ನೆರಳಲ್ಲಿ ಗಾಳಿಗೆ ಹರಡಿ. ಕರಾವಳಿ, ಮಲೆನಾಡಿನವರು ಮಳೆಗಾಲದ ನಡುವೆಯೂ ಒಮ್ಮೆ ತೆಗೆದು ನೋಡಬೇಕು, ಬೂಸ್ಟು ಬಂದಿರುತ್ತದೆ.

ಮಣ್ಣಿನ ಗೊಂಬೆಗಳದ್ದು ಬೇರೆ ಕಥೆ. ಗಣೇಶ ಚೌತಿಯ ಹೊತ್ತಿಗೆ ಪೇಟೆಯಲ್ಲೂ ಜೇಡಿಮಣ್ಣು ಸಿಗುತ್ತದೆ, ಸ್ವಲ್ಪ ಜಾಸ್ತಿ ತಂದಿಡಿ. ಎರಡು ಸೊಂಡಿಲಿನ ಗಣಪ, ಹೊಟ್ಟೆಯೊಳಗೆ ನಿಜವಾದ ಕಡಲೆಕಾಳು ತುಂಬಿಸಿಕೊಂಡ ಇಲಿ, ಇಂಥವೆಲ್ಲ ಬರುತ್ತವೆ. ಸುಡದ ಮಣ್ಣು ಒಣಗಿದ ಮೇಲೆ ಸೀಳುತ್ತದೆ, ಜಾಸ್ತಿ ದಿನ ಉಳಿಯುವುದಿಲ್ಲ. ನಾಲ್ಕೂ ಕಡೆಯಿಂದ ಫೋಟೋ ತೆಗೆದು, ಚೌತಿಯ ಗಣಪನ ಜೊತೆ ನೀರಿಗೆ ಬಿಟ್ಟರೆ ಮಗುವಿಗೂ ಬೇಸರವಿಲ್ಲ.

ಇಡದ ಹಾಳೆಗಳನ್ನು ಮಗುವಿನ ಎದುರಿಗೆ ಕಸದ ಬುಟ್ಟಿಗೆ ಹಾಕಬೇಡಿ. ಉಡುಗೊರೆ ಸುತ್ತೋಕೆ ಬಳಸಬಹುದು, ಅದಕ್ಕೂ ಮೊದಲು ಕೇಳಿ. ನೆಂಟರು ಯಾರಾದರೂ "ಈ ಚಿತ್ರ ನಂಗೆ ಕೊಡು ಪುಟ್ಟಾ" ಅಂದರೆ ನೀವೇ ಎತ್ತಿ ಕೊಟ್ಟುಬಿಡಬೇಡಿ. ಉತ್ತರ ಮಗುವೇ ಹೇಳಲಿ. ಕೊಡ್ತೀನಿ ಅಂದರೆ ಹಿಂಬದಿಯ ಮಾತು ಓದಿ ಹೇಳಿ ಕೊಡಿ. ಕೊಡಲ್ಲ ಅಂದರೆ, ಬಂದವರಿಗೆ ಕಾಫಿ ಕೊಟ್ಟು, ಫೋಟೋ ಕಳಿಸಿ.